ಸುಣ್ಣದ ಗೆರೆ ಎಳೆದ ಡ್ರಿಲ್ ಮಾಸ್ತರರು

ನಮ್ಮ ಡ್ರಿಲ್ ಮಾಸ್ತರರ ಬಾಯಿ ಒಂದು ಬೆರಳು ತೂರುವಷ್ಟು ಮಾತ್ರ ತೆರೆಯುತ್ತಿತ್ತು. ಸೀಟಿಯನ್ನು ತುಟಿಯ ಮೂಲೆಗೆ ಒತ್ತಿ ಊದುತ್ತಿದ್ದರು. ಜೋಳದ ರೊಟ್ಟಿಯನ್ನು ಬೇಳೆಯಲ್ಲಿ ನೆನೆಸಿ, ಹಿಸುಕಿ, ಚಮಚದ ತುದಿಯಿಂದ ಒಳಗೆ ತಳ್ಳಿಕೊಳ್ಳುತ್ತಿದ್ದರು. ಗುಟ್ಕಾ ಅಗಿದು ಅಗಿದು ಬಿಗಿದುಹೋದ ಬಾಯಿ ಅದು. ನಾನು ಅವರ ವಿದ್ಯಾರ್ಥಿಯಾಗಿದ್ದಾಗ ಆ ಗುಟ್ಕಾ ಚೀಟಿಗಳನ್ನು ಎಷ್ಟೋ ಸಲ ಅಂಗಡಿಯಿಂದ ನಾನೇ ತಂದುಕೊಟ್ಟಿದ್ದೇನೆ.

ಯಲಬುರ್ಗಾ ತಾಲೂಕಿನ ನಮ್ಮೂರ ಹೈಸ್ಕೂಲಿನ ಮೈದಾನವೆಂದರೆ ಕಲ್ಲು ಆರಿಸಿದ ಎರೆಹೊಲ. ಅಲ್ಲಿ ಅವರು ನಮ್ಮನ್ನು ಓಡಿಸುತ್ತಿದ್ದರು. "ಓಡ್ರಿ, ಎದಿ ಸುಳ್ಳು ಹೇಳೂದಿಲ್ಲ" ಎನ್ನುವುದು ಅವರ ಮಾತು. ನಾನು ಓದು ಮುಗಿಸಿ ಊರ ಪಂಚಾಯಿತಿಯಲ್ಲೇ ಗುಮಾಸ್ತನಾದೆ. ಅವರು ಅದೇ ಮೈದಾನದಲ್ಲಿ ಬೇರೆ ಮಕ್ಕಳನ್ನು ಓಡಿಸುತ್ತಿದ್ದರು.

ಒಂದು ವರ್ಷ ತಾಲೂಕು ಕ್ರೀಡಾಕೂಟದಲ್ಲಿ ಅವರ ಅತ್ಯುತ್ತಮ ಓಟಗಾರ ಅರ್ಧಕ್ಕೇ ಎದೆ ಹಿಡಿದು ಕುಳಿತುಬಿಟ್ಟ. ಅವನ ಕಿಸೆಯಲ್ಲಿ ಅರ್ಧ ಸೇದಿ ಆರಿಸಿದ ಸಿಗರೇಟು ಸಿಕ್ಕಿತು. ಮಾಸ್ತರರು ಕೈ ಎತ್ತಿದರಂತೆ. ಹುಡುಗ ಹೆದರಲಿಲ್ಲ.

"ನೀವೂ ಗುಟ್ಕಾ ಹಾಕ್ತೀರಲ್ರಿ ಸರ" ಎಂದ.

ಅವರು ಎತ್ತಿದ ಕೈ ಇಳಿಸಿದರು. ಅಂದಿನಿಂದ ಗುಟ್ಕಾ ಮುಟ್ಟಲಿಲ್ಲ. ಮರುದಿನ ಪಂಚಾಯಿತಿಗೆ ಬಂದು, ನನ್ನ ಮೇಜಿನ ಮುಂದೆ ನಿಂತು, "ತಮ್ಮಾ, ನಿನ್ನ ಕೈಲೆ ಆ ಹೊಲಸು ತರಿಸೀನಿ. ಅದು ನನ್ನ ತಪ್ಪು" ಎಂದರು. ನಾನು ತಲೆ ತಗ್ಗಿಸಿದೆ.

ಶಾಲೆಯಿಂದ ನೂರು ಗಜದೊಳಗೆ ತಂಬಾಕು ಮಾರಬಾರದೆಂದು ಕಾನೂನಿದೆ. ಅವರು ಉದ್ದಜಿಗಿತದ ಟೇಪು ಹಿಡಿದು ಗೇಟಿನಿಂದ ನೂರು ಗಜ ಅಳೆದರು. ರಸ್ತೆಗೆ ಅಡ್ಡವಾಗಿ ಸುಣ್ಣದ ಗೆರೆ ಎಳೆದರು. ಗೆರೆಯ ಒಳಗೆ ನಾಲ್ಕು ಡಬ್ಬಿ ಅಂಗಡಿಗಳಿದ್ದವು. ನಾಲ್ಕರಲ್ಲೂ ಮಕ್ಕಳಿಗೆ ಒಂದೊಂದೇ ಸಿಗರೇಟು ಬಿಡಿಯಾಗಿ ಸಿಗುತ್ತಿತ್ತು. ಬಸ್ಸುಗಳು ಓಡಾಡಿ ಸಂಜೆಯೊಳಗೆ ಗೆರೆ ಅಳಿಸಿತು. ಮರುದಿನ ಮತ್ತೆ ಎಳೆದರು.

ಆ ಅಂಗಡಿಗಳನ್ನು ಎತ್ತಿಸಬೇಕೆಂಬ ಅವರ ಅರ್ಜಿ ಪಂಚಾಯಿತಿ ಸಭೆಗೆ ಬಂತು. ಮೊದಲ ಸಭೆಯಲ್ಲಿ ಎಲ್ಲರೂ ಹೌದೆಂದರು. ಠರಾವು ಬರೆಯುವುದಷ್ಟೇ ಬಾಕಿ. ಅಷ್ಟರಲ್ಲಿ ಸಿಗರೇಟು, ಪಾನ್ ಮಸಾಲಾ ಎರಡನ್ನೂ ಮಾಡುವ ಕಂಪನಿಯೊಂದರ ಏಜೆಂಟ್ ಕಾರಿನಲ್ಲಿ ಬಂದ. ಊರಿಗೆ ಶುದ್ಧ ನೀರಿನ ಘಟಕ ಕಟ್ಟಿಸಿಕೊಡುತ್ತೇವೆ ಎಂದ. ನಮ್ಮೂರ ಬೋರಿನ ನೀರಿನಲ್ಲಿ ಫ್ಲೋರೈಡ್. ಮಕ್ಕಳ ಹಲ್ಲು ಹಳದಿ, ಮುದುಕರ ಮೊಣಕಾಲು ಸೊಟ್ಟ. ಎರಡನೆಯ ಸಭೆಯಲ್ಲಿ ಅಧ್ಯಕ್ಷರು ಕೇಳಿದರು.

"ಮಾಸ್ತರ, ಊರಿಗೆ ನೀರು ಬ್ಯಾಡಂತೀರೇನ್ರಿ?"

"ನೀರು ಸರ್ಕಾರ ಕೊಡ್ಬೇಕ್ರಿ. ಇವ್ರು ಯಾಕ ಕೊಡ್ತಾರ?"

"ಸರ್ಕಾರ ಕೊಡೂ ತನಕಾ ನಾವು ಏನು ಕುಡಿಯೂದ್ರಿ?"

ನಾನು ನಡಾವಳಿ ಪುಸ್ತಕದಲ್ಲಿ 'ಮುಂದಿನ ಸಭೆಗೆ ಮುಂದೂಡಲಾಗಿದೆ' ಎಂದು ಬರೆದೆ. ಮುಂದಿನ ಸಭೆಯಲ್ಲೂ ಅದನ್ನೇ ಬರೆದೆ. ಅದರ ಮುಂದಿನದರಲ್ಲೂ. ನೀರಿನ ಘಟಕ ಬಂತು. ಅದರ ಗೋಡೆಯ ಮೇಲೆ ಅದೇ ಕಂಪನಿಯ ಪಾನ್ ಮಸಾಲಾದ ಹೆಸರನ್ನೇ ಹೊತ್ತ ಏಲಕ್ಕಿಯ ಜಾಹೀರಾತು ಬಂತು. ಆ ನೀರನ್ನು ನಾನೂ ಕುಡಿಯುತ್ತೇನೆ.

ಅವರು ಜಿಲ್ಲೆಗೆ ಬರೆದರು, ಬೆಂಗಳೂರಿಗೆ ಬರೆದರು. ಬಹಳ ದಿನಗಳ ಮೇಲೆ ಒಂದು ಉತ್ತರ ಬಂತು: ಉತ್ಪಾದಕರ ಮತ್ತು ವ್ಯಾಪಾರಸ್ಥರ ಅಭಿಪ್ರಾಯ ಪಡೆದು ಕ್ರಮ ಕೈಗೊಳ್ಳಲಾಗುವುದು. ಅದನ್ನು ನನಗೆ ತೋರಿಸಿ ಅವರು ಹೇಳಿದ್ದು ನೆನಪಿದೆ: "ಸರ್ಕಾರ ಗುಟ್ಕಾ ಬಂದ್ ಮಾಡ್ತು. ಕಂಪನಿಯವ್ರು ಅಡಿಕಿ ಒಂದು ಚೀಟಿ, ತಂಬಾಕು ಒಂದು ಚೀಟಿ ಮಾಡಿದ್ರು. ಕೂಡಿಸೂ ಕೆಲಸ ಹುಡುಗ್ರಿಗೆ ಬಿಟ್ರು. ಈಗ ಅವ್ರನ್ನ ಕೇಳಿ ಕಾನೂನು ಮಾಡ್ತಾರಂತ ತಮ್ಮಾ."

ಆ ಹೊತ್ತಿಗೆ ಅವರ ಕೆನ್ನೆಯೊಳಗೆ ಹುಣ್ಣಾಗಿತ್ತು. ಹುಬ್ಬಳ್ಳಿಯಲ್ಲಿ ದವಡೆಯ ಒಂದು ಭಾಗ ತೆಗೆದರು. ಮಾತು ಹೋಯಿತು. ನೋಡಲು ಹೋದಾಗ ನೋಟ್‌ಬುಕ್ಕಿನಲ್ಲಿ ಬರೆದು ತೋರಿಸಿದರು: 'ಮುಂದೂಡಲಾಗಿದೆ ಅಂತ ಬರೀಬ್ಯಾಡ. ಆಗೂದಿಲ್ಲ ಅಂದ್ರು ಅಂತ ಬರಿ. ಯಾರು ಅಂದ್ರು, ಹೆಸರು ಬರಿ.'

"ಬರೀತೀನ್ರಿ ಸರ" ಎಂದೆ. ಬರೆಯಲಿಲ್ಲ. ನನ್ನದು ಇನ್ನೂ ಕಾಯಂ ಆಗದ ನೌಕರಿ. ಮುಂದಿನ ಸಭೆಯಲ್ಲೂ ಮುಂದೂಡಲಾಗಿದೆ ಎಂದೇ ಬರೆದೆ.

ಆ ವರ್ಷ ಬೇಸಿಗೆ ಮುಗಿಯುವ ಮೊದಲೇ ಅವರು ತೀರಿಕೊಂಡರು. ಮಣ್ಣು ಕೊಟ್ಟು ಬರುವಾಗ ಅವರು ಓಡಿಸುತ್ತಿದ್ದ ಹುಡುಗರಲ್ಲೇ ಕೆಲವರು ಶಾಲೆಯ ಎದುರಿನ ಅಂಗಡಿಯಲ್ಲಿ ನಿಂತು ಸಿಗರೇಟು ಹಚ್ಚಿದ್ದನ್ನು ಕಂಡೆ. ಅವರಿಗೆ ಬೈಯುವ ಮುಖ ನನಗಿರಲಿಲ್ಲ.

ವಾರದ ಮೇಲೆ ಅವರ ಹೆಂಡತಿ ಮರಣ ನೋಂದಣಿಗೆ ಬಂದರು. ಆ ಸರ್ಕಾರಿ ನಮೂನೆಯಲ್ಲಿ ಒಂದು ಪ್ರಶ್ನೆಯಿದೆ: ಮೃತರು ತಂಬಾಕು ಅಗಿಯುತ್ತಿದ್ದರೆ ಎಷ್ಟು ವರ್ಷಗಳಿಂದ? ಅದನ್ನು ಓದಿ ಹೇಳಿದೆ.

"ಇಪ್ಪತ್ತೆರಡು ವರ್ಷ ಹಾಕ್ಯಾರ್ರಿ," ಎಂದರು ಅವರು. ನಾನು ಬರೆದೆ. "ಬಿಟ್ಟಿದ್ದೂ ಬರೀರಿ. ಬಿಟ್ಟು ಆರು ವರ್ಷ ಆಗಿತ್ತು."

"ಅದಕ್ಕ ಇದರಾಗ ಜಾಗಾ ಇಲ್ರಿ ಅಮ್ಮಾರ."

ನಾನು ಹಾಳೆಯ ಅಂಚಿನಲ್ಲಿ ಬರೆದೆ: 'ತಾವು ಬಿಟ್ಟಿದ್ದರು. ಶಾಲೆಯ ಮಕ್ಕಳಿಂದ ಬಿಡಿಸಲು ಆರು ವರ್ಷ ಹೋರಾಡಿದರು. ಈ ಪಂಚಾಯಿತಿ ಆಗುವುದಿಲ್ಲವೆಂದಿತು. ಹಾಗೆಂದು ಬರೆಯದವನು ನಾನು.' ಕೆಳಗೆ ನನ್ನ ಹೆಸರು ಹಾಕಿದೆ.

ನಾಲ್ಕು ದಿನಕ್ಕೆ ಹಾಳೆ ಮೇಲಿನ ಕಚೇರಿಯಿಂದ ವಾಪಸು ಬಂತು. ಅಂಚಿನಲ್ಲಿ ಬರೆಯುವಂತಿಲ್ಲ, ಹೊಸದಾಗಿ ತುಂಬಿ ಕಳುಹಿಸಿ ಎಂದು ಕೆಂಪು ಶಾಯಿಯಲ್ಲಿ ಬರೆದಿದ್ದರು. ಹೊಸ ಹಾಳೆ ತೆಗೆದುಕೊಂಡು ಕೇಳಿದ್ದಕ್ಕಷ್ಟೇ ಉತ್ತರ ತುಂಬಿಸಿ ಕಳುಹಿಸಿದೆ.