ವಸ್ತು ಯಾರದ್ದು

ಈಗ ಪುಸ್ತಕ ಬರೆಯುವವರು ತಮ್ಮ ತಮ್ಮ ಮನೆಯಲ್ಲೇ ಕೂತು ಫೋನಿನ ಪರದೆಯ ಮೇಲೆ ಗೋಷ್ಠಿ ನಡೆಸುತ್ತಾರೆ. ಹೇಗೆ ಬರೆದೆವು, ಎಷ್ಟು ಸಲ ತಿದ್ದಿದೆವು ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಾರೆ. ಉತ್ತರ ತೋಚದಿದ್ದರೆ ಒಂದು ಗುಂಡಿ ಒತ್ತಿ ಮುಖವನ್ನೇ ಮರೆ ಮಾಡಿಕೊಳ್ಳಬಹುದಂತೆ. ಎಂಬತ್ತರ ದಶಕದ ಶುರುವಿನಲ್ಲಿ, ತೀರ್ಥಹಳ್ಳಿಯ ಒಂದು ಸಭಾಂಗಣದಲ್ಲಿ, ನನಗೆ ಬೇಕಾಗಿದ್ದದ್ದು ಆ ಗುಂಡಿ ಒಂದೇ.

ನಾನು ಹೊಸನಗರದ ಕಡೆಯ ಬೇಸಾಯದ ಮನೆಯ ಸೊಸೆ. ಏಳನೇ ಕ್ಲಾಸಿಗೆ ಶಾಲೆ ಬಿಡಿಸಿದ್ದರು, ಓದುವ ಚಟ ಬಿಡಿಸಲು ಯಾರಿಂದಲೂ ಆಗಿರಲಿಲ್ಲ. ಮಕ್ಕಳ ಹಳೇ ನೋಟ್‌ಬುಕ್ಕುಗಳಲ್ಲಿ ಉಳಿದ ಹಾಳೆಗಳನ್ನು ಹೊಲಿದುಕೊಂಡು ಒಂದು ಕಾದಂಬರಿ ಬರೆದೆ. ಇಬ್ಬರು ಪ್ರಕಾಶಕರಿಗೆ ಕಳಿಸಿದೆ. ಒಬ್ಬರು ವಾಪಸ್ ಕಳಿಸಿದರು, ಇನ್ನೊಬ್ಬರು ಅದನ್ನೂ ಮಾಡಲಿಲ್ಲ. ಸಿಟ್ಟು ಬಂತು. ಇವರ ಹಂಗೇ ಬೇಡ ಎಂದು ಸಾಗರದ ಒಂದು ಪ್ರೆಸ್ಸಿಗೆ ಹೋಗಿ ನಾನೇ ಅಚ್ಚು ಹಾಕಿಸಿದೆ.

ಖರ್ಚಿಗೆ ನನ್ನ ಕೊರಳಿನ ಎರಡೆಳೆ ಸರವನ್ನು ಮಾರಿದ್ದೆ. ಮದುವೆಯ ದಿನ ನನ್ನ ಅತ್ತೆ ತಮ್ಮ ಕೊರಳಿನಿಂದ ಬಿಚ್ಚಿ ನನಗೆ ಹಾಕಿದ ಸರ ಅದು. ಕೊಂಡಿ ಮುರಿದಿದೆ, ರಿಪೇರಿಗೆ ಸಾಗರದ ಆಚಾರ್ರ ಹತ್ತಿರ ಕೊಟ್ಟಿದ್ದೇನೆ ಎಂದು ಅತ್ತೆಗೆ ಹೇಳಿದ್ದೆ. ಆ ಅಕ್ಕಸಾಲಿ ಆಚಾರ್ರು ಅದನ್ನು ನನ್ನ ಕಣ್ಣೆದುರೇ ಮೂಸೆಗೆ ಹಾಕಿ ಕರಗಿಸಿದ್ದರು. ವಾರಕ್ಕೊಮ್ಮೆ ಅತ್ತೆ ಕೇಳುತ್ತಿದ್ದರು, "ಆಚಾರ್ರು ಸರ ಕೊಟ್ರೇನೆ?" ಮುಂದಿನ ವಾರ ಅಂದಿದಾರೆ ಅತ್ತೆ, ಅನ್ನುತ್ತಿದ್ದೆ. ಮುಂದಿನ ತಿಂಗಳು ಅವರ ತಮ್ಮನ ಮಗಳ ಮದುವೆ ಇತ್ತು. ಬರಿಗೊರಳಿನಲ್ಲಿ ಹೋಗುವಂತಿಲ್ಲ. ಸತ್ಯ ಹೇಳುವ ಧೈರ್ಯವೂ ಇಲ್ಲ.

ಇನ್ನೂ ಒಂದು ಭಾನಗಡಿ ಇತ್ತು. ನನ್ನ ಕಾದಂಬರಿಯಲ್ಲಿ ಒಬ್ಬ ಅತ್ತೆ ಇದ್ದಳು. ಒಳ್ಳೆಯವಳಲ್ಲ. ಅವಳು ಯಾರು ಎಂದು ನಮ್ಮ ಮನೆಯ ಹೊಸ್ತಿಲು ತುಳಿದ ಯಾರಿಗಾದರೂ ಗೊತ್ತಾಗುತ್ತಿತ್ತು. ಆದರೆ ನಮ್ಮ ಅತ್ತೆಗೆ ಓದಲು ಬರುತ್ತಿರಲಿಲ್ಲ. ಅದೊಂದು ನೆಮ್ಮದಿ.

ಇಂಥ ಹೊತ್ತಿನಲ್ಲಿ ತೀರ್ಥಹಳ್ಳಿಯಿಂದ ಒಂದು ಕಾರ್ಡು ಬಂತು. ಸ್ವಂತ ಖರ್ಚಿನಲ್ಲಿ ಪುಸ್ತಕ ತಂದವರ ಗೋಷ್ಠಿ, ತಾವು ಭಾಗವಹಿಸಿ ಬರವಣಿಗೆಯ ಅನುಭವ ಹಂಚಿಕೊಳ್ಳಬೇಕು ಎಂದು ಬರೆದಿದ್ದರು. ನಮ್ಮ ಯಜಮಾನರು ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಗೋಷ್ಠಿ ಅಂದ್ರೆ ಎಂತದು? ಊಟ ಹಾಕ್ತಾರಾ?"

ನನಗೂ ಗೊತ್ತಿರಲಿಲ್ಲ. ಅವರಿಗೆ ಗದ್ದೆ ಕೆಲಸ ಬಿಟ್ಟು ಬರಲು ಆಗುತ್ತಿರಲಿಲ್ಲ. ಒಳಗಿನಿಂದ ಅತ್ತೆ ಹೇಳಿದರು, "ಗಂಡಸ್ರ ಮಧ್ಯ ಒಬ್ಳೇ ಹೋಗಿ ಕೂರೋದು ಬ್ಯಾಡ. ನಾನೂ ಬರ್ತೀನಿ." ಬೇಡ ಅನ್ನಲು ಕಾರಣವೇ ಸಿಗಲಿಲ್ಲ.

ಸಭೆಯಲ್ಲಿ ನಲವತ್ತು ಐವತ್ತು ಜನ ಇದ್ದಿರಬೇಕು. ಅತ್ತೆ ಮುಂದಿನ ಬೆಂಚಿನಲ್ಲಿ, ನಾಲ್ಕೈದು ಹೆಂಗಸರ ನಡುವೆ, ಎಲೆಅಡಿಕೆ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತರು. ವೇದಿಕೆಯ ಮೇಲೆ ನಾವು ಮೂವರು ಬರೆದವರು. ನನ್ನ ಎಡಕ್ಕೆ ಅರಣ್ಯ ಇಲಾಖೆಯಿಂದ ನಿವೃತ್ತರಾದ ಪತ್ತೇದಾರಿ ಕಾದಂಬರಿಕಾರರು, ಬಲಕ್ಕೆ ಸಾಗರದ ಕಡೆಯ ಗಡ್ಡದ ಕವಿ. ಪ್ರಶ್ನೆ ಕೇಳಲು ಕಾಲೇಜಿನ ಒಬ್ಬ ಮೇಷ್ಟ್ರು.

ಮೇಷ್ಟ್ರು ಮೊದಲು ಪತ್ತೇದಾರರಿಗೆ, "ನಿಮ್ಮ ತಂತ್ರದ ಬಗ್ಗೆ ಹೇಳಿ" ಎಂದರು. ನಾನು ಬೆಚ್ಚಿದೆ. ನಮ್ಮ ಕಡೆ ಮಾಟ ತಂತ್ರ ಮಾಡುವವರನ್ನು ಕಂಡರೆ ಜನ ದಾರಿ ಬಿಟ್ಟು ನಡೆಯುತ್ತಾರೆ. ಇವರೋ ಒಂದಿಷ್ಟೂ ನಾಚಿಕೆಯಿಲ್ಲದೆ, ಕೊಲೆ ಮಾಡಿದವನು ಯಾರು ಎಂದು ಕೊನೆಯ ಅಧ್ಯಾಯದವರೆಗೆ ನನಗೇ ಗೊತ್ತಿರುವುದಿಲ್ಲ, ಅದೇ ನನ್ನ ತಂತ್ರ ಎಂದರು. ಜನ ತಲೆದೂಗಿದರು. ಕವಿ ಇನ್ನೂ ಒಂದು ಕೈ ಮೇಲೆ. "ನಾನು ಬರೆಯುವುದಿಲ್ಲ, ನನ್ನಿಂದ ಬರೆಸಲಾಗುತ್ತದೆ" ಎಂದ. ಯಾರು ಬರೆಸುವುದು ಎಂದು ನಾನು ಅವನ ಬೆನ್ನ ಹಿಂದೆ ನೋಡಿದೆ. ಆಮೇಲೆ ಪ್ರಜ್ಞೆ ಎಂದರು, ಆಕೃತಿ ಎಂದರು, ಸಂವೇದನೆ ಎಂದರು. ಒಂದೊಂದೂ ಕನ್ನಡವೇ, ಒಂದೂ ತಲೆಗೆ ಹೋಗಲಿಲ್ಲ. ಇಷ್ಟೆಲ್ಲ ಗೊತ್ತಿಲ್ಲದೆ ಕಾದಂಬರಿ ಬರೆದದ್ದೇ ಅಪರಾಧವೇನೋ ಎನಿಸತೊಡಗಿತು.

ಮೇಷ್ಟ್ರು ನನ್ನ ಕಡೆ ತಿರುಗಿದರು. ಮೈಕನ್ನು ನನ್ನ ಮುಂದೆ ಸರಿಸಿದರು.

"ಈಗ ಹೇಳಿ ತಾಯಿ, ನಿಮ್ಮ ಕಾದಂಬರಿಗೆ ವಸ್ತು ಎಲ್ಲಿಂದ ತಂದಿರಿ? ಮುಚ್ಚುಮರೆ ಬೇಡ."

ನಮ್ಮ ಮನೆಗಳಲ್ಲಿ ವಸ್ತು ಎಂದರೆ ಬಂಗಾರ. ಮದುವೆಗೆ ಹೋಗಿ ಬಂದವರನ್ನು ಮೊದಲು ಕೇಳುವುದೇ ಹುಡುಗಿಗೆ ಎಂತೆಂತ ವಸ್ತು ಹಾಕಿದ್ರು ಎಂದು. ಕಥೆಗೂ ಒಂದು ವಸ್ತು ಇರುತ್ತದೆ, ಓದಿದವರು ಕಥೆಯ ವಿಷಯಕ್ಕೆ ಹಾಗೆ ಹೇಳುತ್ತಾರೆ ಎಂದು ನನಗೆ ಯಾರು ಹೇಳಿಕೊಟ್ಟಿದ್ದರು? ಪ್ರೆಸ್ಸಿನವನು ಬಾಯಿ ಬಿಟ್ಟನೋ, ಆಚಾರ್ರೇ ಹೇಳಿದರೋ, ಮುಂದಿನ ಬೆಂಚಿನಲ್ಲಿ ಕೂತ ಅತ್ತೆಯೇ ಇವರಿಂದ ಕೇಳಿಸುತ್ತಿದ್ದಾರೋ ಒಂದೂ ಗೊತ್ತಾಗಲಿಲ್ಲ. ಕಳ್ಳಿ ಸಿಕ್ಕಿಬಿದ್ದೆ ಎಂದುಕೊಂಡೆ.

"ನಮ್ಮ ಅತ್ತೆಯೋರ್ದು ಸಾರ್" ಎಂದೆ. "ಕೇಳದೇ ತಗೊಂಡೆ. ತಪ್ಪಾಯ್ತು."

ಸಭೆ ಗೊಳ್ಳೆಂದು ನಕ್ಕಿತು. ಆಮೇಲೆ ಚಪ್ಪಾಳೆ. ಯಾಕೆ ಚಪ್ಪಾಳೆ ಎಂದು ನನಗೆ ತಿಳಿಯಲಿಲ್ಲ. ಮೇಷ್ಟ್ರ ಮುಖ ಅರಳಿತ್ತು.

"ಎಂಥ ಪ್ರಾಮಾಣಿಕತೆ ನೋಡಿ. ನಾವೆಲ್ಲ ವಸ್ತುವಿಗಾಗಿ ಊರೂರು ಅಲೆಯುತ್ತೇವೆ, ಇವರು ತಮ್ಮ ಅತ್ತೆಯಲ್ಲೇ ಕಂಡುಕೊಂಡರು. ಸರಿ, ಆ ವಸ್ತುವನ್ನು ಇದ್ದ ಹಾಗೇ ಬಳಸಿದಿರೋ, ಕರಗಿಸಿ ಹೊಸ ರೂಪ ಕೊಟ್ಟಿರೋ?"

ಇವರಿಗೆ ಅದೂ ಗೊತ್ತಿದೆ. ಇದ್ದದ್ದನ್ನು ಹೇಳಿಬಿಟ್ಟೆ, "ಕರಗಿಸಿದ್ದು ನಾನಲ್ಲ ಸಾರ್. ಸಾಗರದ ಆಚಾರ್ರು."

"ಆಚಾರ್ಯರು! ಹಾಗಾದರೆ ನಿಮಗೊಬ್ಬ ಗುರುವೂ ಸಿಕ್ಕಿದ್ದಾರೆ" ಎಂದು ಮೇಷ್ಟ್ರು ಕಾಗದದಲ್ಲಿ ಏನೋ ಗುರುತು ಹಾಕಿಕೊಂಡರು. ಮತ್ತೆ ಚಪ್ಪಾಳೆ. ನಾನು ಅತ್ತೆಯ ಕಡೆ ನೋಡಿದೆ. ಅವರು ಚಪ್ಪಾಳೆ ತಟ್ಟುತ್ತಿರಲಿಲ್ಲ. ಪಕ್ಕದ ಹೆಂಗಸು ಅವರ ತೋಳು ಮುಟ್ಟಿ, "ಆ ಪುಸ್ತಕದ ಅತ್ತೆ ನೀವೇನಾ? ನಾನು ಓದಿದೀನಿ ಮಾರಾಯ್ರೆ" ಎಂದು ನಗುತ್ತ ಹೇಳುವುದು ವೇದಿಕೆಯವರೆಗೂ ಕೇಳಿಸಿತು.

ಆಮೇಲೆ ಉಪ್ಪಿಟ್ಟು ಕಾಫಿ ಕೊಟ್ಟರು. ಕವಿ ಬಂದು, ನಿಮ್ಮ ಮಾತಿನಲ್ಲಿ ದೊಡ್ಡ ರೂಪಕವಿದೆ ಎಂದ. ನಾನು ಹೂಂ ಎಂದೆ. ವಸ್ತುವಿನ ಎರಡನೇ ಅರ್ಥವನ್ನು ಬಿಡಿಸಿ ಹೇಳಿದವರು ಪತ್ತೇದಾರರು, ಅದೂ ನಾನು ಕೇಳಿದ್ದಕ್ಕೆ. ಕೇಳಿಸಿಕೊಂಡು ನಗಬೇಕೋ ಅಳಬೇಕೋ ತಿಳಿಯದೆ ಉಪ್ಪಿಟ್ಟಿನ ತಟ್ಟೆ ಹಿಡಿದು ನಿಂತೆ. ಕೇಳಿದ್ದು ಬೇರೆ, ಹೇಳಿದ್ದು ಬೇರೆ. ಆದರೂ ಉತ್ತರ ಎರಡಕ್ಕೂ ಸರಿಯಾಗಿಯೇ ಇತ್ತಲ್ಲ ಎಂದು ಹೊಳೆದಾಗ ತಟ್ಟೆಯನ್ನು ಹಾಗೇ ಮೇಜಿನ ಮೇಲಿಟ್ಟೆ.

ಅತ್ತೆ ಬಸ್‌ಸ್ಟ್ಯಾಂಡಿನವರೆಗೂ ನನಗಿಂತ ನಾಲ್ಕು ಹೆಜ್ಜೆ ಮುಂದೆಯೇ ನಡೆದರು. ಹೊಸನಗರದ ಬಸ್ಸು ಬಂದು ಸೀಟು ಹಿಡಿದ ಮೇಲೆ, ಕಿಟಕಿಯ ಹೊರಗೆ ನೋಡುತ್ತಲೇ ಕೇಳಿದರು.

"ಸರ ಹೋಯ್ತಾ?"

"ಹೋಯ್ತು ಅತ್ತೆ."

"ಆ ಪುಸ್ತಕಕ್ಕಾ?"

"ಹೂಂ."

ಅಷ್ಟೇ. ಬೈದಿದ್ದರೆ ಒಂದು ನಮೂನೆ ಸಮಾಧಾನವಾಗುತ್ತಿತ್ತು. ಅವರಿಗೆ ಸಿಟ್ಟು ಸರಕ್ಕೋ ಪುಸ್ತಕಕ್ಕೋ ಎಂದು ಊರು ಮುಟ್ಟುವವರೆಗೂ ಲೆಕ್ಕ ಹತ್ತಲಿಲ್ಲ.

ಮರುದಿನ ಮಧ್ಯಾಹ್ನ ಅತ್ತೆ ಜಗಲಿಯಲ್ಲಿ ಮೊರ ಇಟ್ಟುಕೊಂಡು ಅಕ್ಕಿ ಆರಿಸಲು ಕೂತರು. "ಆ ಪುಸ್ತಕ ತಗೊಂಡು ಬಾ. ಓದು. ನನ್ನ ಸರ ಎಲ್ಲಿ ಹೋಗಿ ಕೂತಿದೆ ಅಂತ ನೋಡ್ಬೇಕು" ಎಂದರು.

ಓದಿದೆ. ಅತ್ತೆಯ ಪಾತ್ರ ಬಂದಲ್ಲೆಲ್ಲ ಸಾಲು ಹಾರಿಸುತ್ತ ಹೋದೆ. ಅವರು ಮೊರದಿಂದ ಕಣ್ಣೆತ್ತದೆ, "ಹಾರಿಸ್ಬೇಡ, ಹಾಳೆ ತಿರುಗ್ಸೋ ಸದ್ದು ನಂಗೂ ಕೇಳ್ತದೆ" ಎಂದರು. ಹಾಗಾಗಿ ಬಸುರಿ ಸೊಸೆಯ ಅಧ್ಯಾಯವನ್ನು ಪೂರ್ತಿ ಓದಬೇಕಾಯಿತು. ಅದರಲ್ಲಿ ಸೊಸೆಗೆ ಮಿಡಿ ಉಪ್ಪಿನಕಾಯಿಯ ಬಯಕೆ. ಅತ್ತೆ ಭರಣಿಯನ್ನು ಒಳಕೋಣೆಯಲ್ಲಿಟ್ಟು ಬೀಗ ಹಾಕಿ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಾಳೆ. ಆ ಎರಡು ಪುಟ ಬರೆಯುವಾಗ ನಾನು ಅತ್ತಿದ್ದೆ. ಪುಸ್ತಕ ಓದಿದ ಹೆಂಗಸರೆಲ್ಲ ಮೆಚ್ಚಿದ್ದೂ ಅದನ್ನೇ.

ಅತ್ತೆಯ ಕೈ ಅಕ್ಕಿಯ ಮೇಲೆ ನಿಂತಿತು.

"ನಿನ್ನ ಎರಡೂ ಕಾಲು ಬಾತಿತ್ತು ಆವಾಗ. ಉಪ್ಪು ಖಾರ ತಿಂದ್ರೆ ತಾಯಿ ಮಗು ಎರಡೂ ಉಳಿಯಾದಿಲ್ಲ ಅಂತ ಡಾಕ್ಟ್ರು ಹೇಳಿದ್ರು. ನಿಂಗೆ ಹೇಳಿದ್ರೆ ಹೆದರ್ತೀಯ ಅಂತ ನಾನೇ ಹೇಳ್ಲಿಲ್ಲ" ಎಂದರು. ಒಂದು ಕಲ್ಲು ಹೆಕ್ಕಿ ಅಂಗಳಕ್ಕೆ ಎಸೆದು, "ಅದನ್ನ ಬರೀಲಿಲ್ವಾ?" ಎಂದು ಕೇಳಿದರು.

ನನಗೆ ಅದು ಗೊತ್ತೇ ಇರಲಿಲ್ಲ. ಪುಸ್ತಕ ಅಚ್ಚಾಗಿ, ಹೊಲಿಗೆ ಬಿದ್ದು, ಮೂರು ತಾಲೂಕಿನ ಮನೆಗಳನ್ನು ಸೇರಿಯಾಗಿತ್ತು.