ಪ್ರಕಾಶನ ಮಂಚದ ಕೆಳಗಿದ್ದ ಬಿಯರ್

ಶನಿವಾರ ತಿಗಣೆ ಔಷಧಿ ಹೊಡೆಯಲು ಜನ ಬರುತ್ತಾರೆ, ಮಂಚಗಳನ್ನೆಲ್ಲ ಎಳೆದಿಡಿ ಎಂದು ಬಿಲ್ಡಿಂಗಿನ ವಾಚ್‌ಮನ್ ಬಾಗಿಲು ತಟ್ಟಿ ಹೇಳಿ ಹೋದ.

ಶುಕ್ರವಾರ ಬೆಳಿಗ್ಗೆ ರೂಮ್‌ಮೇಟ್ ಪ್ರಕಾಶನ ಮಂಚ ಎಳೆದೆ. ಕೆಳಗೆ ಕಂಬಳಿ ಸುತ್ತಿದ ದೊಡ್ಡ ನೀರಿನ ಕ್ಯಾನ್. ಅದರ ಮುಚ್ಚಳದಿಂದ ಹೊರಟ ಸಣ್ಣ ಪೈಪೊಂದು ಪಕ್ಕದ ನೀರಿನ ಬಾಟಲಿಯೊಳಗೆ ಇಳಿದಿತ್ತು.

ಬಗ್ಗಿ ಮೂಸಿ ನೋಡಿದೆ. ಬಿಯರ್...

ನಾವಿರುವುದು ಸೌದಿಯ ರಿಯಾದಿನಲ್ಲಿ, ಬತ್ಹಾ ಪೇಟೆಯಲ್ಲಿ. ಇಲ್ಲಿ ಮದ್ಯ ನಿಷಿದ್ಧ. ಸಿಕ್ಕಿಬಿದ್ದರೆ ಮೊದಲು ಜೈಲು, ಆಮೇಲೆ ಊರಿನ ವಿಮಾನ. ರೂಮು ಬೇರೆ ನನ್ನ ಹೆಸರಿನಲ್ಲಿದೆ.

ಪ್ರಕಾಶ್ ಕಾರ್ಕಳದವನು, ಎಸಿ ಮೆಕ್ಯಾನಿಕ್. ಅಪ್ಪನಿಗೆ ಸ್ಟ್ರೋಕ್ ಆಯಿತೆಂದು ಅವಸರದಲ್ಲಿ ಊರಿಗೆ ಹೋದವನು, ರಜೆ ಮುಂದುವರಿಸುತ್ತಾ ತಿಂಗಳುಗಳನ್ನೇ ಕಳೆದಿದ್ದ. ಫೋನ್ ಮಾಡಿದರೆ ಆಸ್ಪತ್ರೆಯಲ್ಲಿದ್ದ.

"ಅದನ್ನು ಮುಟ್ಬೇಡ ಮಾರಾಯ. ಬಕೆಟಲ್ಲಿ ಹುಳಿ ಬಂದ ಮೇಲೆ ಈ ಕ್ಯಾನಿಗೆ ಹಾಕಿಟ್ಟದ್ದು. ಇಟ್ಟಷ್ಟೂ ತಿಳಿಯಾಗ್ತದೆ."

"ನಾಳೆ ಔಷಧಿಯವರು ಬರ್ತಾರೆ, ಪ್ರಕಾಶ."

"ಎಲ್ಲಿಯಾದ್ರೂ ಅಡಗಿಸಿಡು. ಡಾಕ್ಟ್ರು ಕರೀತಿದ್ದಾರೆ, ಇಡ್ತೇನೆ."

ಒಂದೇ ರೂಮು, ಒಂದು ಬಾತ್‌ರೂಮು. ಎಲ್ಲಿ ಅಡಗಿಸುವುದು?

ಕ್ಯಾನನ್ನು ಬಾತ್‌ರೂಮಿಗೆ ಎಳೆದುಕೊಂಡು ಹೋಗಿ ನಿಧಾನಕ್ಕೆ ಬಗ್ಗಿಸಿದೆ. ಅವನು ಹೇಳಿದ್ದು ಸುಳ್ಳಲ್ಲ. ಜೇನಿನ ಬಣ್ಣ, ಒಂದಿಷ್ಟೂ ಕದಡಿರಲಿಲ್ಲ. ಕೊನೆಗೆ ತಳದಲ್ಲಿದ್ದ ಬಿಳಿ ಗಸಿ ಬಿತ್ತು ನೋಡಿ, ವಾಸನೆ ಬಾಗಿಲು ದಾಟಿ ಮೆಟ್ಟಿಲವರೆಗೂ ಹೋಯಿತು.

ಅಷ್ಟರಲ್ಲಿ ಯಾರೋ ಬಾಗಿಲು ತಟ್ಟಿದರು.

ಎದುರು ರೂಮಿನ ಇಸ್ಮಾಯಿಲ್ ಸಾಹೇಬರು. ಭಟ್ಕಳದವರು, ಇಲ್ಲೇ ಬಟ್ಟೆ ಅಂಗಡಿ ಇಟ್ಟಿದ್ದಾರೆ, ನಮಾಜು ಮುಗಿಸಿ ಬಂದಿದ್ದರು.

"ಎಂತ ಇದು ವಾಸನೆ?"

"ದೋಸೆ ಹಿಟ್ಟು ಹುಳಿ ಬಂದು ಹಾಳಾಗಿತ್ತು, ಸಾಹೇಬ್ರೇ. ಚೆಲ್ಲಿದೆ."

ಅವರು ನನ್ನ ಒದ್ದೆ ಪ್ಯಾಂಟು ನೋಡಿದರು. ತಿರುಗಿ ಹೋದರು. ನಾನು ಬಾಗಿಲು ಹಾಕಿ ಬಾತ್‌ರೂಮಿಗೆ ನೀರು ಸುರಿಯತೊಡಗಿದೆ.

ಸ್ವಲ್ಪ ಹೊತ್ತಿಗೆ ಮತ್ತೆ ಬಂದರು. ಒಂದು ಕೈಯಲ್ಲಿ ಫಿನಾಯಿಲ್, ಇನ್ನೊಂದರಲ್ಲಿ ಹೊಗೆಯಾಡುವ ಧೂಪದ ಪಾತ್ರೆ.

"ಕಿಟಕಿ ತೆರೀಬೇಡಿ, ಕೆಳಗೆ ಜನ ಇದ್ದಾರೆ. ಮೊದಲು ಇದನ್ನು ಸುರಿದು ತಿಕ್ಕಿ." ಹೊಸ್ತಿಲ ಹತ್ತಿರ ನಿಂತು ಮೆಲ್ಲಗೆ ಸೇರಿಸಿದರು: "ಇನ್ನು ಈ ರೂಮಲ್ಲಿ ಇಂಥ ಹಿಟ್ಟು ಬೇಡ. ಆಯ್ತಾ?"

ಆಯ್ತು ಎಂದೆ. ಬೇರೇನು ಹೇಳಲಿ?

ಮರುದಿನ ಔಷಧಿಯವರು ಬಂದರು, ಮಂಚ ಎತ್ತಿ ನೋಡಿದರು, ಹೊಡೆದು ಹೋದರು. ಅಷ್ಟೇ.

ಸಂಜೆ ಪ್ರಕಾಶನಿಗೆ ಫೋನ್ ಮಾಡಿ ಚೆಲ್ಲಿದೆ ಎಂದೆ. ಬೈಯುತ್ತಾನೆ ಎಂದು ಕಾಯುತ್ತಿದ್ದೇನೆ...

"ಅಪ್ಪ ಹುಷಾರಾಗಿ ನಾನು ವಾಪಸ್ ಬಂದ ದಿನ ತೆರೀಬೇಕು ಅಂತ ಇಟ್ಟದ್ದು," ಎಂದ. ಆಮೇಲೆ, "ಇವತ್ತು ಎರಡು ಚಮಚ ಗಂಜಿ ಕುಡಿದ್ರು, ಮಾರಾಯ. ರೂಮು ನಿನ್ನ ಹೆಸರಲ್ಲಿ ಉಂಟು ಅಂತ ನನಗೆ ತಲೆಗೇ ಹೋಗ್ಲಿಲ್ಲ."

ಅವನು ಇನ್ನೂ ಬಂದಿಲ್ಲ. ಅವನ ಮಂಚಕ್ಕೆ ಬೇರೆಯವರನ್ನು ಸೇರಿಸಿಕೊಂಡಿಲ್ಲ.

ಚೆಲ್ಲಿದ್ದಕ್ಕೆ ನನಗೆ ಪಶ್ಚಾತ್ತಾಪವಿಲ್ಲ. ಆದರೆ ಚೆಲ್ಲುವ ಮೊದಲು ಅವನಿಗೊಂದು ಮಾತು ಹೇಳಬೇಕಿತ್ತೇ? ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?