ಭಾಲ್ಕಿಯ ಐದನೇ ಫೌಲ್

ಮೊದಲ ತಂಡ ನನ್ನನ್ನು ಕೈಬಿಟ್ಟದ್ದು ಫೋನಿನಲ್ಲಿ. ದೂರದ ನಗರದಲ್ಲಿ ಒಂದು ಸೀಸನ್ ಪೂರ್ತಿ ಬೆಂಚಿನ ಮೇಲೆ ಕುಳಿತು, ಉಳಿದವರು ಗೆದ್ದಾಗ ಟವೆಲ್ ಬೀಸಿ, ಸೋತಾಗ ತಲೆ ತಗ್ಗಿಸಿ, ರಜೆಗೆಂದು ಬೀದರಿಗೆ ಬಂದಿದ್ದೆ. ಮ್ಯಾನೇಜರು ಮರ್ಯಾದೆಯಿಂದಲೇ ಮಾತಾಡಿದರು. ಮುಂದಿನ ಸಲಕ್ಕೆ ಇನ್ನಷ್ಟು ಎತ್ತರದ ಗಾರ್ಡ್ ಬೇಕು ಎಂದರು. ಬಾಸ್ಕೆಟ್‌ಬಾಲಿನಲ್ಲಿ ಗಾರ್ಡ್ ಅಂದರೆ ಚೆಂಡು ತಂದು ಆಟ ಕಟ್ಟುವವನು. ನನ್ನಂಥ ಗಿಡ್ಡನಿಗೆ ಸಿಗುವ ಜಾಗ ಅದೊಂದೇ. ಅದಕ್ಕೂ ನಾನು ಗಿಡ್ಡನಾದೆ.

ಆಗ ಇದ್ದದ್ದು ಚಿದ್ರಿಯಲ್ಲಿ, ಅಕ್ಕನ ಬಾಡಿಗೆ ಮನೆಯಲ್ಲಿ. ಅಪ್ಪ ಅವ್ವ ಔರಾದ ತಾಲೂಕಿನ ಊರಲ್ಲಿ ಕುರಿ, ತೊಗರಿ ಹೊಲ ನೋಡಿಕೊಂಡಿದ್ದರು. ಅಕ್ಕ ಖಾಸಗಿ ಶಾಲೆಯಲ್ಲಿ ಪಿ.ಟಿ. ಟೀಚರ್. ನಮ್ಮ ಮನೆಯಲ್ಲಿ ಚೆಂಡು ಹಿಡಿದ ಮೊದಲನೆಯವಳು ಅವಳೇ. ನನ್ನ ಬಲಗೈಯನ್ನು ಬೆನ್ನ ಹಿಂದೆ ಇಡಿಸಿ, ಎಡಗೈಯಲ್ಲಿ ಚೆಂಡು ಪುಟಿಸುತ್ತ ಅಂಗಳ ಸುತ್ತಿಸಿದವಳು. ಮೊಣಕಾಲು ಕೈಕೊಟ್ಟ ಮೇಲೆ ಆಟ ಬಿಟ್ಟು ರೆಫರಿ ಪರೀಕ್ಷೆ ಪಾಸು ಮಾಡಿದ್ದಳು. ಆ ವರ್ಷ ಮೇಲಿನ ದರ್ಜೆಯ ಪರೀಕ್ಷೆಗೆ ಕೂರುವವಳಿದ್ದಳು. ಅವಳ ಪಂದ್ಯಗಳ ಬಗ್ಗೆ ಒಂದು ತಕರಾರು ಬಂದರೂ ಅದಕ್ಕೆ ಅಡ್ಡಿಯಾಗುತ್ತಿತ್ತು.

ನೌಬಾದಿನ ಸಿಮೆಂಟ್ ಕೋರ್ಟಿನಲ್ಲಿ ದಿನಾ ಬೆಳಗ್ಗೆ ಒಬ್ಬನೇ ಓಡುತ್ತಿದ್ದೆ. ಅಷ್ಟರಲ್ಲಿ ಇನ್ನೊಂದು ವೃತ್ತಿಪರ ತಂಡದ ಕೋಚ್, ಹೈದರಾಬಾದಿಗೆ ಹೋಗುವ ದಾರಿಯಲ್ಲಿ ಭಾಲ್ಕಿಯ ಟೂರ್ನಮೆಂಟಿನ ಫೈನಲ್ ನೋಡಿ ಹೋಗುತ್ತೇನೆಂದು ಹೇಳಿ ಕಳಿಸಿದರು. ನಮ್ಮ ಬೀದರ್ ತಂಡ ಫೈನಲ್ಲಿಗೆ ಬಂದಿತ್ತು. ಎದುರಾಳಿ ಭಾಲ್ಕಿ. ಅವರ ಗಾರ್ಡ್ ಮೆಹಕರದವನು, ರೈತರ ಮನೆಯ ಮಗ, ಎಡಚ. ಅವನನ್ನು ತಡೆಯುವ ಕೆಲಸ ನನ್ನದು.

ಅಂದು ಅಕ್ಕ ನನ್ನೊಂದಿಗೆ ಬಸ್ಸಿನಲ್ಲಿ ಬಂದದ್ದು ಅಂಕ ಬರೆಯುವ ಮೇಜಿಗೆ ಕೂರಲು. ಆದರೆ ಕಲಬುರಗಿಯಿಂದ ಬರಬೇಕಿದ್ದ ಹಿರಿಯ ರೆಫರಿಯ ಕಾರು ಹುಮನಾಬಾದ್ ಹತ್ತಿರ ಕೆಟ್ಟು ನಿಂತಿತು. ಇನ್ನೊಬ್ಬ ರೆಫರಿ ಹೊಸಬ. ಸಂಘಟಕರು ಬಂದು ಅಕ್ಕನ ಮುಂದೆ ನಿಂತರು.

"ಆಗಲ್ರಿ," ಅಂದಳು ಅಕ್ಕ. "ಬೀದರ್ ಟೀಮಿನ್ಯಾಗ ನನ್ನ ತಮ್ಮ ಆಡ್ಲಾಕತ್ತಾನ. ನಾಳೆ ಮಂದಿ ಏನಂತಾರ?"

ಸಂಘಟಕರು ಭಾಲ್ಕಿಯ ಕೋಚನ್ನು ಕರೆತಂದರು. ಅವರು ಅಕ್ಕನನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿ, "ನಮಗ ನಡೀತದ್ರಿ ಮೇಡಂ. ಸೀಟಿ ಮಾತ್ರ ಸರಿ ಊದ್ರಿ," ಎಂದರು. ಅಕ್ಕ ಬೂಟಿನ ದಾರ ಬಿಗಿದುಕೊಂಡು ಎದ್ದಳು. ಆಮೇಲೆ ನನ್ನ ಕಡೆ ನೋಡಲೇ ಇಲ್ಲ.

ಆ ವೃತ್ತಿಪರ ತಂಡದ ಕೋಚ್ ಸಾಹೇಬರು ಕುರ್ಚಿ ಹಾಕಿಸಿಕೊಂಡು ಕೋರ್ಟಿನ ಮೂಲೆಗೆ ಕೂತಿದ್ದರು. ಕಣ್ಣು ಅತ್ತ ಹೋಗದಂತೆ ತಡೆಯುವುದೇ ನನಗೊಂದು ಕೆಲಸವಾಯಿತು. ಆಟ ಶುರುವಾದ ಸ್ವಲ್ಪಕ್ಕೇ ನಾನು ಮೆಹಕರದವನ ಕೈಯಿಂದ ಚೆಂಡು ಕಸಿದೆ. ಅವನು ಬಿದ್ದ. ಸೀಟಿ ಕೇಳಲಿಲ್ಲ. ನಾನು ಓಡಿ ಹೋಗಿ ಚೆಂಡು ಹಾಕಿಬಿಟ್ಟೆ. ಕಟ್ಟೆಯ ಮೇಲಿದ್ದವರೆಲ್ಲ ಎದ್ದು ನಿಂತರು.

"ತಮ್ಮ ಅಂತ ಬಿಟ್ಟಾಳ ನೋಡ್ರೋ!"

"ಮನ್ಯಾಗ ಹೇಳಿ ಕೊಟ್ಟು ಬಂದಾರ!"

ಅಕ್ಕನ ಮುಖ ಅಲುಗಲಿಲ್ಲ. ಅದು ಫೌಲ್ ಆಗಿರಲೇ ಇಲ್ಲ, ನನ್ನ ಕೈ ಚೆಂಡಿಗೇ ಹತ್ತಿತ್ತು. ಆದರೆ ಆ ಕೂಗು ನಿಲ್ಲಲಿಲ್ಲ. ಅವಳು ನಮ್ಮ ಪರ ಊದಿದಾಗಲೆಲ್ಲ ಶಿಳ್ಳೆ, ನನ್ನ ಹೆಸರು, ಅವಳ ಹೆಸರು.

ಅರ್ಧ ಆಟ ಮುಗಿಯುವ ಹೊತ್ತಿಗೆ ನನ್ನ ಮೇಲೆ ಎರಡು ಫೌಲ್. ಆಮೇಲೆ ಮೂರು. ಐದಾದರೆ ಆಟಗಾರ ಹೊರಗೆ, ಮತ್ತೆ ಒಳಗೆ ಬರುವಂತಿಲ್ಲ. ನಾಲ್ಕನೆಯದನ್ನು ಹೊಸ ರೆಫರಿ ಊದಿದ. ನಮ್ಮ ಕೋಚ್ ನನ್ನನ್ನು ಕೂರಿಸಬೇಕಿತ್ತು. ಮೂಲೆಯ ಕುರ್ಚಿಯತ್ತ ನೋಡಿ, "ಆಡು, ಆದ್ರ ಕೈ ಹಿಂದಿಟ್ಕೊಂಡು ಆಡು," ಎಂದರು. ಕೈ ಹಿಂದಿಟ್ಟುಕೊಂಡು ಆ ಎಡಚನನ್ನು ಯಾರು ತಡೆಯುತ್ತಾರೆ?

ಕೊನೆಯ ನಿಮಿಷಗಳಲ್ಲಿ ಎರಡೂ ತಂಡ ಸಮಸಮ. ಮೆಹಕರದವನು ಎಡಕ್ಕೆ ಬಂದ. ನಾನು ಅವನ ಮುಂದೆ ಕಾಲು ತಂದೆ. ಅವನು ತಿರುಗಿ ಮೇಲೆ ಹಾರಿದ, ನಾನೂ ಹಾರಿದೆ. ಚೆಂಡು ಅವನ ಕೈಯಿಂದ ಜಾರಿ ಹೊರಗೆ ಹೋಯಿತು. ತಡೆದೆ ಅಂದುಕೊಂಡೆ. ಬೆನ್ನ ಹಿಂದೆ ಸೀಟಿ ಕೇಳಿತು.

ತಿರುಗಿದೆ. ಅಕ್ಕ ಫೌಲಿನ ಗುರುತಿಗೆ ಮುಷ್ಟಿ ಮೇಲೆತ್ತಿ ನಿಂತಿದ್ದಳು. ಮೇಜಿನತ್ತ ನಡೆದು ನನ್ನ ಅಂಗಿಯ ನಂಬರನ್ನು ಬೆರಳಲ್ಲಿ ತೋರಿಸಿದಳು. ಅಷ್ಟು ಹೊತ್ತು ಕೂಗುತ್ತಿದ್ದ ಮಂದಿ ಒಮ್ಮೆಗೇ ಸುಮ್ಮನಾದರು. ನಾನು ಅವಳ ಎದುರಿಗೆ ಹೋಗಿ ನಿಂತೆ. ಬಾಯಿಗೆ ಬಂದದ್ದು "ಅಕ್ಕಾ" ಎಂಬ ಮಾತೊಂದೇ.

"ಬೆಂಚಿಗಿ ನಡೀರಿ," ಅಂದಳು.

ಹುಟ್ಟಿದಾಗಿನಿಂದ ಅವಳು ನನಗೆ ಬಹುವಚನ ಹಚ್ಚಿದ್ದಿಲ್ಲ. ಲೇ, ಏನೋ, ಹುಚ್ಚ, ಹೀಗೆಲ್ಲ ಕರೆದದ್ದುಂಟು. ಆ 'ರಿ' ಕೇಳಿದೊಡನೆ ಕಾಲು ತಾನಾಗಿ ಹೊರಗೆ ನಡೆಯಿತು.

ನನ್ನ ಜಾಗಕ್ಕೆ ಹೋದವರು ಔರಾದಿನ ಶಾಲೆಯ ಮಾಸ್ತರು. ವಯಸ್ಸಾದವರು, ಫೈನಲ್ ಆಡುತ್ತೇನೆಂದು ಅಂದುಕೊಂಡಿರಲೇ ಇಲ್ಲ. ಫೌಲಿಗೆ ಸಿಕ್ಕ ಎರಡು ಎಸೆತಗಳನ್ನೂ ಮೆಹಕರದವನು ತಪ್ಪಿದ, ಆಟ ಸಮಸಮವೇ ಉಳಿಯಿತು. ನನಗೆ ಕೂರಲಾಗಲಿಲ್ಲ. ಗೆರೆಯ ಪಕ್ಕ ನಿಂತು, "ಸರ್, ಎಡಕ್ಕ ಬಿಡಬ್ಯಾಡ್ರಿ! ಬಲಕ್ಕ ದೂಡ್ರಿ! ಅವನಿಗಿ ಬಲಗೈ ಇಲ್ರಿ!" ಎಂದು ಗಂಟಲು ಹರಿಯುವಂತೆ ಕೂಗಿದೆ. ಮಾಸ್ತರು ಏದುಸಿರು ಬಿಡುತ್ತ ಅವನನ್ನು ಎರಡು ಸಲ ಬಲಕ್ಕೆ ದೂಡಿದರು. ಎರಡು ಸಲವೂ ಅವನ ಎಸೆತ ಬುಟ್ಟಿ ತಪ್ಪಿತು. ಮೂರನೇ ಸಲ ತಪ್ಪಲಿಲ್ಲ. ಒಂದು ಬುಟ್ಟಿಯ ಅಂತರದಲ್ಲಿ ಸೋತೆವು. ನಾನು ಧೈರ್ಯ ಮಾಡಿ ಮೂಲೆಗೆ ನೋಡಿದೆ. ಕೋಚ್ ಸಾಹೇಬರು ಕೋರ್ಟಿನ ನಡುವೆ ಮೆಹಕರದವನ ಹೆಗಲ ಮೇಲೆ ಕೈಯಿಟ್ಟು ಮಾತಾಡುತ್ತಿದ್ದರು. ಆಮೇಲೆ ಜೀಪು ಹತ್ತಿ ಹೋದರು. ನನ್ನ ಕಡೆ ಬರಲಿಲ್ಲ.

ಬೀದರಿನ ಬಸ್ಸಿನಲ್ಲಿ ಅಕ್ಕ ತಮ್ಮ ಒಂದೇ ಸೀಟಿನಲ್ಲಿ ಕೂತಿದ್ದೆವು. ಬಸ್ಸು ಹಾಲ್‌ಬರ್ಗಾ ದಾಟಿತು.

"ಅದು ಫೌಲ್ ಇದ್ದಿಲ್ಲ," ಅಂದೆ.

"ಇತ್ತು."

"ಮಂದಿ ಬಾಯಿಗಿ ಅಂಜಿ ಊದ್ದಿ ನೀ."

"ಅಂಜಿದ್ರ ಮೊದಲ್ನೇದೇ ಊದತಿದ್ದೆ. ಆಗ ಪುರಾ ಕಟ್ಟಿ ಎದ್ದು ಒದರ್ಲಾಕತ್ತಿತ್ತು, ನಾ ಊದಿನೇನು?" ಅವಳು ನನ್ನ ಕಡೆ ತಿರುಗಿದಳು. "ನಿನ್ನ ಎಡಗೈ ಎಲ್ಲಿತ್ತು ಅಂತ ನೀ ನೋಡಿಲ್ಲ. ನಾ ನೋಡೀನಿ."

"ನನ್ನ ಬಾಳೆವು ಹಾಳ್ ಮಾಡ್ದಿ, ಅಕ್ಕಾ."

ಅವಳು ಕಿಟಕಿಯ ಕಡೆ ತಿರುಗಿದಳು. ನೌಬಾದ್ ಬಂದಾಗ ನಾನು ಚೀಲ ತೆಗೆದುಕೊಂಡು ಇಳಿದೆ. ಚಿದ್ರಿಗೆ ಹೋಗಲು ಮನಸ್ಸಾಗಲಿಲ್ಲ. ಔರಾದಿನ ಬಸ್ಸು ಹಿಡಿದು ಊರಿಗೆ ಹೋದೆ.

ಊರಲ್ಲಿ ಅಪ್ಪನ ಜೊತೆ ಕುರಿಗಳ ಹಿಂದೆ ತಿರುಗಿದೆ. ಅಕ್ಕ ಅವ್ವನಿಗೆ ದಿನಾ ಫೋನ್ ಮಾಡುತ್ತಿದ್ದಳು. ಅವ್ವ ಫೋನನ್ನು ನನ್ನತ್ತ ಚಾಚಿದರೆ ನಾನು ಎದ್ದು ಹೊರಗೆ ಹೋಗುತ್ತಿದ್ದೆ. "ಒಂದ ಹೊಟ್ಟ್ಯಾಗ ಹುಟ್ಟಿದವರು ಹಿಂಗ ಮಾಡ್ತಾರೇನೋ?" ಎಂದು ಅವ್ವ ಬೈದಳು. ಅಪ್ಪ ಬೈಯಲಿಲ್ಲ. ಒಂದು ಸಂಜೆ ಕುರಿ ಹೊಡೆದುಕೊಂಡು ಬರುವಾಗ, "ಆಕಿ ಊದಲಾರದ ಇದ್ರ ನೀ ಖುಷಿ ಇರ್ತಿದ್ದೇನು?" ಎಂದ. ಹೌದು ಅಂದೆ. ಖರೇ ಹೇಳಿದ್ದೆ. ಅಪ್ಪ ತಲೆಯಾಡಿಸಿ ಮುಂದೆ ನಡೆದ.

ಮರುದಿನ ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು. ಮೆಹಕರದ ಗಾರ್ಡ್.

"ಕೋಚ್ ಸಾಹೇಬ್ರು ಸೆಲೆಕ್ಷನ್ ಕ್ಯಾಂಪಿಗಿ ಕರದಾರ. ನಿಮಗೂ ಫೋನ್ ಬಂದದೇನ್ರಿ?"

ಇಲ್ಲ ಎಂದೆ.

"ಬರ್ತದ. ಅವತ್ತು ನನಗ ಕೇಳಿದ್ರು, ಇಲ್ಲಿ ನಿಂಗ ಯಾರು ಭಾಳ ತ್ರಾಸ್ ಕೊಡ್ತಾರ ಅಂತ. ನಾ ನಿಮ್ಮ ಹೆಸರು ಹೇಳೀನಿ."

ನನಗೆ ತಡೆಯಲಾಗಲಿಲ್ಲ. "ಅವತ್ತಿಂದು ಫೌಲ್ ಇತ್ತೇನ್ರಿ?"

ಆ ಕಡೆ ಅವನು ನಕ್ಕ. "ಸೊಂಟಕ್ಕ ನಿಮ್ಮ ಕೈ ಹತ್ತಿತ್ತಲ್ರಿ. ಅದಕ್ಕೇ ಬಾಲು ಜಾರ್ತು. ಇಲ್ಲಾಂದ್ರ ನಾ ಹಾಕ್ತಿದ್ದೆ."

ಕೋಚ್ ಸಾಹೇಬರ ಫೋನ್ ಬಂದದ್ದು ಆಮೇಲೆ. ಹೊಗಳಲಿಲ್ಲ. ಕಾಲು ನಿಧಾನವಾದಾಗ ಕೈ ಮುಂದೆ ಬರುತ್ತದೆ, ಕಾಲಿನ ಕೆಲಸ ಮಾಡಬೇಕು ಎಂದರು. ಹೊರಗೆ ಕಳಿಸಿದ ಮೇಲೂ ಗೆರೆ ಪಕ್ಕ ನಿಂತು ಮಾಸ್ತರಿಗೆ ಆಟ ಹೇಳಿದ್ದನ್ನು ನೋಡಿದೆ, ಕ್ಯಾಂಪಿಗೆ ಬಾ, ಆದರೆ ತಂಡದಲ್ಲಿ ಜಾಗದ ಮಾತು ಕೊಡುವುದಿಲ್ಲ ಎಂದು ಫೋನ್ ಇಟ್ಟುಬಿಟ್ಟರು.

ಹೊರಡುವ ಮೊದಲು ಚಿದ್ರಿಗೆ ಹೋದೆ. ಅಕ್ಕ ಬಾಗಿಲು ತೆರೆದು ಚೀಲ ನೋಡಿದಳು.

"ಉಂಡಿಯೇನು?"

"ಇಲ್ಲ."

ರೊಟ್ಟಿ, ಪುಂಡಿಪಲ್ಯ ಹಾಕಿದಳು. ನಾನು ಉಣ್ಣುತ್ತಲೇ ಹೇಳಿದೆ, "ಮೆಹಕರದವ ಹೇಳಿದ. ಕೈ ಹತ್ತಿತ್ತಂತ."

"ಅವ ಹೇಳಿದ್ರ ಖರೇ, ನಾ ಹೇಳಿದ್ರ ಸುಳ್ಳು," ಅಂದಳು. ಸಿಟ್ಟು ಇನ್ನೂ ಇತ್ತು. ಇರಬೇಕಾದದ್ದೇ. ಆದರೂ ಇನ್ನೊಂದು ರೊಟ್ಟಿ ತಾಟಿಗೆ ಬಿತ್ತು.

ಕ್ಯಾಂಪಿನಲ್ಲಿ ಗಾರ್ಡಿಗೆ ಇದ್ದದ್ದು ಒಂದೇ ಜಾಗ. ನಾನೂ ಮೆಹಕರದವನೂ ಒಂದೇ ಖೋಲಿಯಲ್ಲಿ ಮಲಗಿ, ಬೆಳಗಾದರೆ ಕೋರ್ಟಿನಲ್ಲಿ ಒಬ್ಬರೊಡನೊಬ್ಬರು ಗುದ್ದಾಡುತ್ತಿದ್ದೆವು. ಕೊನೆಯ ದಿನ ಅವನನ್ನು ಮೊದಲು ಒಳಗೆ ಕರೆದರು. ಹೊರಗೆ ಬಂದವನೇ ತನ್ನ ಬೂಟು ಚೀಲಕ್ಕೆ ತುಂಬತೊಡಗಿದ. "ಹೋಗ್ರಿ, ಕರ್ಯಾಕತ್ತಾರ," ಎಂದು ಅವನೇ ಬೆನ್ನಿಗೆ ಕೈ ಹಚ್ಚಿ ದೂಡಿದ.

ಆ ಜಾಗ ನನಗೆ ಸಿಕ್ಕಿತು, ಸೀಸನ್ನಿನ ಮೊದಲ ಪಂದ್ಯದಲ್ಲೇ ನನ್ನನ್ನು ಕೋರ್ಟಿಗೆ ಇಳಿಸಿದರು. ಮೊದಲ ಪಾಸು ಎದುರಾಳಿಯ ಕೈಗೆ ಹೋಯಿತು. ಎರಡನೆಯದು ಸರಿಯಾಗಿ ಬಿತ್ತು. ಆಟ ಮುಗಿದ ಮೇಲೆ ಅಕ್ಕನಿಗೆ ಫೋನ್ ಮಾಡಿದೆ. ಮೊಬೈಲಿನಲ್ಲಿ ಪೂರ್ತಿ ಪಂದ್ಯ ನೋಡಿದ್ದಳು. ತನ್ನ ಮೇಲಿನ ದರ್ಜೆಯ ರೆಫರಿ ಪರೀಕ್ಷೆ ಪಾಸಾದದ್ದನ್ನು ಆಗಲೇ ಹೇಳಿದಳು, ತಿಳಿದು ವಾರವಾಗಿತ್ತಂತೆ. ನನ್ನ ಪಂದ್ಯ ಮುಗಿಯಲಿ ಎಂದು ಕಾದಿದ್ದಳು.